ಎಂಜಿನ್ ನಿಂತಾಗ ಓದುವ ಕಾರ್ಡು

ವಿಮಾನದ ಎಂಜಿನ್ ನಿಂತುಹೋದಾಗ ಓದಬೇಕಾದ ಕಾರ್ಡನ್ನು ನಾನು ಐದಾರು ಜನರ ಸ್ವರದಲ್ಲಿ ಓದಬಲ್ಲೆ. ಬೊಂಬಾಯಿ ಆಫೀಸಿನ ನಮ್ಮ ಮ್ಯಾನೇಜರು ಮೂಗಿನಿಂದ ಓದಿದರೆ ಹೇಗೆ, ಉಡುಪಿಯ ಹೋಟೆಲಿನ ಮಾಣಿ ತಿಂಡಿಗಳ ಹೆಸರು ಹೇಳುವಂತೆ ಒಂದೇ ಉಸಿರಿಗೆ ಓದಿದರೆ ಹೇಗೆ, ಕಾಪುವಿನಲ್ಲಿ ನನಗೆ ಲೆಕ್ಕ ಕಲಿಸಿದ ಮಾಸ್ತರರು ಬೆತ್ತ ಆಡಿಸುತ್ತ ಓದಿದರೆ ಹೇಗೆ, ಎಲ್ಲವೂ ನನ್ನಲ್ಲಿ ಉಂಟು. ನಿನ್ನ ಸ್ವಂತ ಸ್ವರ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ. ಮೀಸೆ ಇನ್ನೂ ನೆಟ್ಟಗೆ ಬಾರದ ಎರಡನೆಯ ಪೈಲಟನ ಸ್ವರಕ್ಕೆ ವಿಮಾನದೊಳಗೆ ಬೆಲೆ ಇಲ್ಲ. ಆದ್ದರಿಂದ ಅದನ್ನು ತೆಗೆದು ಬಳಸುವ ಸಂದರ್ಭವೇ ನನಗೆ ಹೆಚ್ಚು ಬಂದಿರಲಿಲ್ಲ.

ನಮ್ಮ ಕಂಪನಿಯಲ್ಲಿ ಇದ್ದದ್ದು ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಸಿಕ್ಕಿದ ಎರಡು ಡಕೋಟಾ ವಿಮಾನಗಳು. ಮನುಷ್ಯರನ್ನು ಕೂರಿಸಿಕೊಂಡು ಹೋಗುವ ಯೋಗ್ಯತೆ ನಮಗಿರಲಿಲ್ಲ, ಸಾಮಾನು ಮಾತ್ರ. ಬೊಂಬಾಯಿಯಿಂದ ಬಜ್ಪೆಗೆ ಯಂತ್ರದ ಭಾಗಗಳು, ಬಟ್ಟೆ, ಔಷಧಿ. ಬಜ್ಪೆಯಿಂದ ಬೊಂಬಾಯಿಗೆ ಗೇರುಬೀಜದ ತಿರುಳು, ಜೊತೆಗೆ ಮ್ಯಾನೇಜರರ ಮನೆಗೆಂದು ಒಂದು ಬುಟ್ಟಿ ಮಟ್ಟುಗುಳ್ಳ ಬದನೆ. ವಿಮಾನದಲ್ಲಿ ನಾವು ಮೂವರು. ಕ್ಯಾಪ್ಟನ್ ಕಾರ್ಕಳದ ಕಡೆಯ ಕ್ರಿಶ್ಚಿಯನರು, ಮನೆಮಾತು ಕೊಂಕಣಿ, ಯುದ್ಧಕಾಲದಲ್ಲಿ ಬರ್ಮಾದ ಕಾಡುಗಳ ಮೇಲೆ ಹಾರಿದವರು. ರೇಡಿಯೋ ಆಫೀಸರು ಹೆಜಮಾಡಿಯ ಬ್ಯಾರಿ ಮುಸಲ್ಮಾನರು, ಮನೆಮಾತು ಬ್ಯಾರಿ. ಮೊದಲು ಹಡಗಿನಲ್ಲಿ ತಂತಿ ಕುಟ್ಟುತ್ತಿದ್ದವರು, ಕ್ಯಾಪ್ಟನರಿಗಿಂತಲೂ ಹಿರಿಯರು. ಅವರನ್ನು ನಾನು ಕಾಕ ಎನ್ನುತ್ತಿದ್ದೆ. ನಾನು ಕಾಪುವಿನವನು, ಮನೆಯಲ್ಲಿ ತುಳು. ಹೀಗೆ ಒಬ್ಬೊಬ್ಬರಿಗೆ ಒಂದೊಂದು ಭಾಷೆ ಇದ್ದುದರಿಂದ ಮೂವರು ಸೇರಿದಾಗ ಶಾಲೆಯಲ್ಲಿ ಕಲಿತ ಕನ್ನಡವೇ ಗತಿ. ವಿಮಾನಕ್ಕೆ ಮಾತ್ರ ಇಂಗ್ಲಿಷು. ಕಾರ್ಡಿನ ಸಾಲುಗಳನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕಾರ್ಡು ಎಂದರೆ ಒಂದು ಮೊಳದಷ್ಟು ಉದ್ದದ ರಟ್ಟು. ಮೂಲದಲ್ಲಿ ಇದ್ದದ್ದು ದಪ್ಪನೆಯ ಕೈಪಿಡಿ; ವಿಮಾನ ಮಾಡಿದವರೇ ಬರೆದು ಕೊಟ್ಟದ್ದು. ಎಂಜಿನ್ ನಿಂತರೆ ಏನು ಮಾಡಬೇಕು, ಬೆಂಕಿ ಹಿಡಿದರೆ ಏನು, ನೀರಿಗೆ ಇಳಿಯಬೇಕಾಗಿ ಬಂದರೆ ಏನು, ಎಲ್ಲವೂ ಅದರಲ್ಲಿ ಸವಿಸ್ತಾರವಾಗಿದೆ. ಎಂಜಿನ್ ಉರಿಯುತ್ತಿರುವಾಗ ಪುಟ ಮಗುಚಿಕೊಂಡು ಕೂರಲು ಯಾರಿಗೆ ಪುರುಸೊತ್ತು ಎಂಬುದು ಮ್ಯಾನೇಜರರ ವಾದ. ವಾದ ತಪ್ಪಲ್ಲ. ಅವರು ಟೈಪಿಸ್ಟನನ್ನು ಕೂರಿಸಿ, ಒಂದೇ ಮಗ್ಗುಲಿನಲ್ಲಿ ಹಿಡಿಸುವಂತೆ ಕೈಪಿಡಿಯನ್ನು ಇಳಿಸಿ, ರಟ್ಟಿಗೆ ಅಂಟಿಸಿ ಕೊಟ್ಟರು. ಕೈಪಿಡಿಗೆ ಬೇರೆ ಕೆಲಸ ಸಿಕ್ಕಿತು. ಕಾಕನ ಕುರ್ಚಿಯ ಮೆತ್ತೆ ಹರಿದು ಸ್ಪ್ರಿಂಗು ಮೇಲೆ ಬಂದಿತ್ತು. ಅವರು ಕೈಪಿಡಿಯನ್ನು ಅದರ ಮೇಲೆ ಇಟ್ಟು, ಅದರ ಮೇಲೆ ಕೂತುಕೊಳ್ಳುತ್ತಿದ್ದರು.

"ಕಾಕ, ಇಡೀ ವಿಮಾನದ ಜ್ಞಾನ ನಿಮ್ಮ ಅಡಿಯಲ್ಲಿ ಉಂಟು," ಎಂದು ನಾನು ಹೇಳುವುದಿತ್ತು.

"ಇರಲಿ ಮಾರಾಯ. ನಿನ್ನ ತಲೆಯಲ್ಲಿ ಇದ್ದರೆ ಜಾರಿ ಬೀಳ್ತಿತ್ತು," ಎನ್ನುತ್ತಿದ್ದರು.

ಕಾರ್ಡನ್ನು ಓದುವುದಕ್ಕೆ ಎಲ್ಲ ವಿಮಾನಗಳಲ್ಲೂ ಒಂದು ಕ್ರಮವಿದೆ. ಒಬ್ಬ ಹೇಳಬೇಕು, ಇನ್ನೊಬ್ಬ ಆ ಕೆಲಸವನ್ನು ಕೈಯಿಂದ ಮಾಡಿ, ಕಣ್ಣಿಂದ ನೋಡಿ, ಆಮೇಲೆ ಉತ್ತರ ಕೊಡಬೇಕು. ನಮ್ಮ ಕ್ಯಾಪ್ಟನರಿಗೆ ಇಡೀ ಕಾರ್ಡು ಬಾಯಿಪಾಠ. ಅವರು ಹೇಳುವುದು, ನಾನು ತೊಡೆಯ ಮೇಲಿನ ಕಾರ್ಡಿಗೆ ತಾಳೆ ನೋಡುತ್ತ ಮಾಡಿ ಉತ್ತರಿಸುವುದು. ಆದರೆ ಅವರದು ಅವರ ಮನೆಯಲ್ಲಿ ಸಂಜೆ ಜಪಮಾಲೆ ಹಿಡಿದು ಪ್ರಾರ್ಥನೆ ಹೇಳುವ ಧಾಟಿ. ಯಜಮಾನರು ಮೊದಲರ್ಧ ಹೇಳಿ ಮುಗಿಸುವ ಮೊದಲೇ ಮನೆಮಂದಿ ಉಳಿದರ್ಧವನ್ನು ಎತ್ತಿಕೊಂಡಿರುತ್ತಾರೆ, ನಡುವೆ ಒಂದು ಉಸಿರಿಗೂ ಜಾಗವಿಲ್ಲ. ಉತ್ತರ ಒಂದು ಕ್ಷಣ ತಡವಾದರೂ ಕ್ಯಾಪ್ಟನ್ ತಿರುಗಿ ನೋಡುತ್ತಿದ್ದರು. "ನಿದ್ದೆಯಾ ಪುತಾ?" ಎನ್ನುತ್ತಿದ್ದರು. ಪುತಾ ಎಂದರೆ ಕೊಂಕಣಿಯಲ್ಲಿ ಮಗನೇ ಎಂದು. ಅವರ ಬಾಯಲ್ಲಿ ಅದು ಬೈಗುಳ. ಹಾಗಾಗಿ ನಾನೂ ಕಾಕನೂ ಚುರುಕಾದೆವು. ಎಷ್ಟು ಚುರುಕೆಂದರೆ ಕೈ ಇನ್ನೂ ದಾರಿಯಲ್ಲಿರುವಾಗ ಬಾಯಿ ತಲುಪಿಬಿಡುತ್ತಿತ್ತು. ಬೊಂಬಾಯಿಯಿಂದ ಪರೀಕ್ಷೆಗೆ ಬಂದ ಅಧಿಕಾರಿಯೊಬ್ಬರು ನಮ್ಮ ಮೂವರ ತಾಳಮೇಳ ನೋಡಿ, ಇಷ್ಟು ಚೆನ್ನಾಗಿ ಕಾರ್ಡು ಹೇಳುವವರನ್ನು ತಾವು ಕಂಡಿಲ್ಲ ಎಂದು ಬರೆದು ಹೋಗಿದ್ದರು.

ಮಳೆಗಾಲ ಇನ್ನೇನು ಹಿಡಿಯಬೇಕು ಎಂಬ ದಿನಗಳು. ಬೊಂಬಾಯಿಯಲ್ಲಿ ಸಾಮಾನು ಹೇರುವಾಗ ಒಂದು ಉದ್ದನೆಯ ಪೆಟ್ಟಿಗೆ ಬಂತು. ಮಣಿಪಾಲದ ಬೋಳು ಗುಡ್ಡದ ಮೇಲೆ ಡಾಕ್ಟರಿಕೆ ಕಲಿಯುವ ಹುಡುಗರಿಗೆಂದು ಕಲ್ಕತ್ತೆಯಿಂದ ತರಿಸಿದ ಮನುಷ್ಯರ ಎಲುಬುಗೂಡುಗಳು. ನಾಲ್ಕು ಎಂದು ಮೇಲೆ ಬರೆದಿತ್ತು. ನಾನು ಸುಮ್ಮನಿರುವವನೇ? ಪೆಟ್ಟಿಗೆಯ ಮೇಲೆ ಬಡಿದು, ಮ್ಯಾನೇಜರರ ಮೂಗಿನ ಸ್ವರದಲ್ಲಿ, "ದಯವಿಟ್ಟು ಸೊಂಟದ ಪಟ್ಟಿ ಬಿಗಿದುಕೊಳ್ಳಿ, ಬೀಡಿ ಸೇದಬೇಡಿ," ಎಂದೆ. ಕೂಲಿಯವರು ನಕ್ಕರು. ಕಾಕ ನಗಲಿಲ್ಲ.

"ಅವರಿಗೆ ಉತ್ತರ ಕೊಡ್ಲಿಕ್ಕೆ ಆಗುವುದಿಲ್ಲ ಅಂತ ಗೊತ್ತಿದ್ದು ತಮಾಷೆ ಮಾಡುವುದಾ?" ಎಂದರು. "ಯಾರ ಮನೆಯವರೋ ಎಂತದೋ. ಮಣ್ಣು ಸಹ ಸಿಗಲಿಲ್ಲ ಪಾಪದವರಿಗೆ."

ಕುಂದಾಪುರ ದಾಟುವ ತನಕ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಮೋಡ ಕೆಳಗಿದ್ದುದರಿಂದ ಅದರ ಅಡಿಯಲ್ಲಿ, ಎರಡು ಸಾವಿರ ಅಡಿಗಿಂತ ತುಸು ಮೇಲೆ, ಕರಾವಳಿಯ ಗುಂಟ ಬರುತ್ತಿದ್ದೆವು. ಬಲಕ್ಕೆ ಬೂದು ಬಣ್ಣದ ಕಡಲು, ಎಡಕ್ಕೆ ಘಟ್ಟವನ್ನೆಲ್ಲ ನುಂಗಿದ ಕಪ್ಪು ಮೋಡ. ಆಗ ಎಡ ಎಂಜಿನ್ನಿನ ಆಯಿಲ್ ಪ್ರೆಷರಿನ ಮುಳ್ಳು ಇಳಿಯತೊಡಗಿದ್ದು ಕಂಡಿತು.

"ಸರ್, ಎಡಗಡೆ ಆಯಿಲ್ ಪ್ರೆಷರ್ ಇಳೀತಾ ಉಂಟು."

"ಮುಳ್ಳು ಸುಳ್ಳು ಹೇಳುವುದೂ ಉಂಟು. ಆಯಿಲಿನ ಬಿಸಿ ಎಷ್ಟು?"

"ಏರ್ತಾ ಉಂಟು."

ಒಂದು ಮುಳ್ಳು ಸುಳ್ಳು ಹೇಳಬಹುದು, ಎರಡು ಸೇರಿ ಹೇಳುವುದಿಲ್ಲ. ಕಿಟಕಿಯಿಂದ ನೋಡಿದ ಕ್ಯಾಪ್ಟನ್, "ರೆಕ್ಕೆಯ ಮೇಲೆಲ್ಲ ಕಪ್ಪಾಗಿದೆ. ಪೈಪು ಎಲ್ಲೋ ಒಡೆದಿದೆ," ಎಂದರು. ಎಂಜಿನ್ ನಡುಗತೊಡಗಿತು. ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು.

ಇಲ್ಲಿ ಒಂದು ವಿಷಯ ಹೇಳಬೇಕು. ಡಕೋಟಾ ಒಂದೇ ಎಂಜಿನ್ನಿನಲ್ಲೂ ಹಾರುತ್ತದೆ. ಆದರೆ ಕೆಟ್ಟ ಎಂಜಿನ್ನಿನ ಪ್ರೊಪೆಲ್ಲರ್ ಗಾಳಿಗೆ ತಿರುಗುತ್ತಲೇ ಇದ್ದರೆ, ಎದುರಿಗೆ ಒಂದು ಬಾಗಿಲು ಕಟ್ಟಿಕೊಂಡು ಓಡಿದ ಹಾಗೆ, ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಅದಕ್ಕಾಗಿ ಅದರ ಅಲಗುಗಳನ್ನು ಗಾಳಿ ಸೀಳುವ ಹಾಗೆ ಅಂಚು ಮುಂದಾಗಿ ತಿರುಗಿಸಿ ನಿಲ್ಲಿಸಬೇಕು. ತಲೆಯ ಮೇಲೆ ಅದಕ್ಕೊಂದು ಕೆಂಪು ಗುಂಡಿ ಇದೆ. ಒತ್ತಿದರೆ ಒಳಗೇ ಕಚ್ಚಿಕೊಂಡು ನಿಲ್ಲುತ್ತದೆ. ಪಂಪು ಎಣ್ಣೆಯನ್ನು ದೂಡಿ ಅಲಗುಗಳನ್ನು ತಿರುಗಿಸುತ್ತದೆ. ಕೆಲಸ ಮುಗಿದ ಕೂಡಲೆ ಗುಂಡಿ ತಾನಾಗಿ ಹೊರಗೆ ನೆಗೆಯುತ್ತದೆ.

ಕ್ಯಾಪ್ಟನ್ ಹೇಳತೊಡಗಿದರು. "ಎಡ ಥ್ರಾಟಲ್." ಮುಚ್ಚಿದೆ. "ಎಡ ಗುಂಡಿ." ಒತ್ತಿದೆ. "ಎಡ ಮಿಕ್ಸ್ಚರ್." ಕಡಿದೆ. "ಎಡ ಪೆಟ್ರೋಲ್." ಬಂದ್. "ಎಡ ಸ್ವಿಚ್ಚು." ಆಫ್. ಪ್ರೊಪೆಲ್ಲರ್ ನಿಧಾನವಾಯಿತು, ಒಂದೊಂದು ಅಲಗೂ ಕಾಣುವಂತಾಯಿತು, ನಿಂತಿತು. ಒಂದು ಅಲಗು ನೇರ ಮೇಲಕ್ಕೆ.

"ಕಾರ್ಡು ಮುಗಿಯಿತು ಸರ್. ಗಂಟೆ ಸರಿಯಾಗಿ ಹನ್ನೆರಡು," ಎಂದೆ. ಹಿಂದೆ ಕಾಕ ಉಸಿರು ಬಿಟ್ಟದ್ದು ಹೆಡ್‌ಫೋನಿನಲ್ಲಿ ಕೇಳಿಸಿತು.

ಹನ್ನೆರಡು ಗಂಟೆಯ ಅಲಗು ಒಂದಕ್ಕೆ ಸರಿಯಿತು. ಆಮೇಲೆ ಎರಡಕ್ಕೆ. ಆಮೇಲೆ ಇಡೀ ಪ್ರೊಪೆಲ್ಲರು, ಯಾರೂ ಹೇಳದೆ, ತಾನೇ ತಿರುಗತೊಡಗಿತು. ವಿಮಾನ ಎಡಕ್ಕೆ ವಾಲಿತು. ಕ್ಯಾಪ್ಟನ್ ಬಲಗಾಲಿನಲ್ಲಿ ಪೆಡಲನ್ನು ತುಳಿದು ಹಿಡಿದರು. "ಎಂತ ಮಾಡಿದೆ ನೀನು?" ಎಂದರು. "ಕಾರ್ಡಿನಲ್ಲಿ ಇದ್ದದ್ದು ಮಾಡಿದ್ದು ಸರ್," ಎಂದೆ. ಇಬ್ಬರೂ ಕಾರ್ಡು ನೋಡಿದೆವು. ಒಂದು ಸಾಲೂ ಬಿಟ್ಟಿರಲಿಲ್ಲ.

ಕಾಕ ಎದ್ದರು, ಕೂತಿದ್ದ ಕೈಪಿಡಿಯನ್ನು ತೆಗೆದರು, ಕನ್ನಡಕ ಏರಿಸಿದರು. ಕೂತು ಕೂತು ಪುಟಗಳೆಲ್ಲ ಅಂಟಿಕೊಂಡಿದ್ದವು. ಅವರು ಬೆರಳು ಒದ್ದೆ ಮಾಡಿಕೊಂಡು ಒಂದೊಂದನ್ನೇ ಬಿಡಿಸಿದರು. ಆಮೇಲೆ ನಮ್ಮಿಬ್ಬರ ನಡುವೆ ಬಗ್ಗಿ ಓದಿದರು: "ಗುಂಡಿ ತಾನಾಗಿ ಹೊರಬಾರದಿದ್ದರೆ ಕೈಯಿಂದ ಎಳೆಯತಕ್ಕದ್ದು. ಇಲ್ಲವಾದರೆ ಪಂಪು ನಿಲ್ಲದೆ, ಅಲಗುಗಳು ಪುನಃ ತೆರೆದುಕೊಳ್ಳುವವು."

ಮೂವರೂ ತಲೆ ಎತ್ತಿದೆವು. ಕೆಂಪು ಗುಂಡಿ ಒಳಗೇ ಕೂತಿತ್ತು.

"ಇದು ಕಾರ್ಡಿನಲ್ಲಿ ಉಂಟಾ?" ಕ್ಯಾಪ್ಟನ್ ಕೇಳಿದರು.

"ಇಲ್ಲ ಸರ್."

"ಇಲ್ಲವಾ?"

"ಇಲ್ಲ. ಜಾಗ ಸಾಕಾಗಿರಲಿಕ್ಕಿಲ್ಲ."

ಗುಂಡಿಯನ್ನು ಎಳೆದೆ. ಕೈಪಿಡಿ ಹೇಳಿದ ಹಾಗೆ ಸ್ವಲ್ಪ ತಡೆದು ಮತ್ತೆ ಒತ್ತಿದೆ. ಪಂಪು ಕೊರಗಿತು, ಅಷ್ಟೆ. ಒಡೆದ ಪೈಪಿನಿಂದ ಸೋರಿ ಉಳಿದಿದ್ದ ಎಣ್ಣೆಯನ್ನು ಅದು ಆಗಲೇ ಅಲಗು ಮುಚ್ಚಲಿಕ್ಕೂ ತೆರೆಯಲಿಕ್ಕೂ ಖರ್ಚು ಮಾಡಿಬಿಟ್ಟಿತ್ತು. ಇನ್ನು ಆ ಪ್ರೊಪೆಲ್ಲರನ್ನು ನಿಲ್ಲಿಸುವ ಉಪಾಯವಿರಲಿಲ್ಲ. ಬಲ ಎಂಜಿನ್ನನ್ನು ಪೂರ್ತಿ ಓಡಿಸಿದರೂ ವಿಮಾನ ಕೆಳಗಿಳಿಯುತ್ತಿತ್ತು. ಬೀಳುವುದಲ್ಲ, ಮಂಚದಿಂದ ಮಗು ಜಾರಿದ ಹಾಗೆ, ಸ್ವಲ್ಪ ಸ್ವಲ್ಪವೇ.

ಮುಂದಿನ ಸಾಲನ್ನು ಕಾಕನೇ ಓದಿದರು. ಎತ್ತರ ಉಳಿಯದಿದ್ದರೆ ಭಾರ ಇಳಿಸತಕ್ಕದ್ದು. ತೆರೆದ ಪುಟದಲ್ಲೇ ಕೈಪಿಡಿಯನ್ನು ನನ್ನ ತೊಡೆಗೆ ದಾಟಿಸಿ, "ಬಾಗಿಲು ತೆಗೀತೇನೆ," ಎಂದು ಹಿಂದಕ್ಕೆ ನಡೆದರು. ಡಕೋಟಾದ ಹಿಂಬದಿಯ ಬಾಗಿಲನ್ನು ಒಳಕ್ಕೆ ಎಳೆದು ಕಳಚಬಹುದು. ಅಲ್ಲೂ ಒಂದು ಇಂಟರ್‌ಕಾಮು ಇತ್ತು. ಹಾಗಾಗಿ ಅವರ ಸ್ವರ ನಮ್ಮ ಕಿವಿಗೆ ಮೊದಲಿನ ಹಾಗೆಯೇ ಬರುತ್ತಿತ್ತು, ಬೆನ್ನ ಹಿಂದಿನ ಕುರ್ಚಿಯಲ್ಲೇ ಇದ್ದಾರೋ ಎಂಬಂತೆ. ಪೆಟ್ಟಿಗೆಗಳು ಒಂದೊಂದಾಗಿ ಕಡಲಿಗೆ ಹೋದವು. ಪ್ರತಿಯೊಂದು ಹೋದಾಗಲೂ ಕಾಕ "ಹೋಯ್ತು" ಎನ್ನುವುದು, ವಿಮಾನ ಸ್ವಲ್ಪ ಹಗುರಾಗಿ ಕುಲುಕುವುದು. ಇಳಿಯುವ ವೇಗ ಕಡಿಮೆಯಾಯಿತು. ನಿಲ್ಲಲಿಲ್ಲ.

ಬಜ್ಪೆಯ ಗೋಪುರದವರು ರೇಡಿಯೋದಲ್ಲಿ, ಅಲ್ಲಿ ಜಡಿಮಳೆ, ಓಡುದಾರಿಯ ಆಚೆಯ ತುದಿ ಕಾಣುತ್ತಿಲ್ಲ ಎಂದರು. ಬಜ್ಪೆಯ ಓಡುದಾರಿ ಇರುವುದು ಗುಡ್ಡದ ನೆತ್ತಿಯಲ್ಲಿ. ಅದಕ್ಕಿಂತ ಒಂದು ಗೇಣು ಕೆಳಗೆ ತಲುಪಿದರೂ ತಲುಪುವುದು ಗುಡ್ಡದ ಹೊಟ್ಟೆಗೆ. ಎಡಗಡೆ ಉಡುಪಿ ಹಿಂದೆ ಸರಿಯಿತು. ಮಣಿಪಾಲದ ಗುಡ್ಡದ ಹೊಸ ಕಟ್ಟಡಗಳು ಸುಣ್ಣದ ಗೆರೆಯ ಹಾಗೆ ಒಮ್ಮೆ ಕಂಡವು. ಅವು ನಮಗಿಂತ ಹೆಚ್ಚು ಕೆಳಗೇನೂ ಇರಲಿಲ್ಲ. ಬಲ ಎಂಜಿನ್ನಿನ ಬಿಸಿಯ ಮುಳ್ಳು ಕೆಂಪು ಗೆರೆಯ ಮೇಲೆ ನಿಂತಿತ್ತು.

"ಬಜ್ಪೆಗೆ ಮುಟ್ಟುತ್ತೇವೆ," ಎಂದರು ಕ್ಯಾಪ್ಟನ್.

ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಎತ್ತರವನ್ನೂ ದೂರವನ್ನೂ ಇಟ್ಟು ಮಾಡುವ ಲೆಕ್ಕ, ಬೆತ್ತದ ಮಾಸ್ತರರ ಪುಣ್ಯದಿಂದ, ನನಗೆ ಬರುತ್ತಿತ್ತು. ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೆ ಬರ್ಮಾದಿಂದ ಹಿಡಿದು ಆ ದಿನದವರೆಗೆ ಅವರು ಒಂದು ವಿಮಾನವನ್ನೂ ಕಳೆದುಕೊಂಡವರಲ್ಲ. ಮನುಷ್ಯ ಅಂಥದ್ದೊಂದನ್ನು ಇಟ್ಟುಕೊಂಡರೆ ಅದು ಲೆಕ್ಕದೊಳಗೆ ಕೈ ಹಾಕುತ್ತದೆ.

ಕೈಪಿಡಿಯ ಅದೇ ಪುಟದ ಕೊನೆಯ ಸಾಲನ್ನು ನಾನು ಓದಿದೆ: "ಎತ್ತರ ಉಳಿಯುವುದಿಲ್ಲವೆಂದು ಖಾತ್ರಿಯಾದಲ್ಲಿ, ಉಳಿದ ಎಂಜಿನ್ ದುಡಿಯುತ್ತಿರುವಾಗಲೇ ಇಳಿಯುವ ಜಾಗವನ್ನು ಆರಿಸಿಕೊಳ್ಳತಕ್ಕದ್ದು." ಕ್ಯಾಪ್ಟನ್ ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಓದಿದೆ. "ಸುಮ್ಮನೆ ಕೂತ್ಕೋ," ಎಂದರು.

ಅವರನ್ನು ಅಣಕಿಸಬಾರದು ಎಂದು ಮೊದಲ ದಿನವೇ ನನಗೆ ಅಪ್ಪಣೆಯಾಗಿತ್ತು. ಅವರ ಬೆನ್ನ ಹಿಂದೆ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ, ಎದುರಿಗೆ ಮಾಡಿದವನಲ್ಲ. ಆಗ ಮಾಡಿದೆ. ಅವರ ಗಂಟಲು, ಅವರ ಬಿಗಿ, ಪದದ ಕೊನೆಯನ್ನು ಕಡಿದು ಬಿಸಾಡುವ ಅವರ ರೀತಿ, ಅದೇ ಸಾಲನ್ನು ಅವರದೇ ಸ್ವರದಲ್ಲಿ ಓದಿ, ಕೊನೆಗೆ, "ನಿದ್ದೆಯಾ ಪುತಾ?" ಎಂದೆ.

ಹೊಡೆಯುತ್ತಾರೆ ಎಂದುಕೊಂಡೆ. ಅವರು ತಿರುಗಿ ನೋಡಿದರು. ಕೋಪವಿರಲಿಲ್ಲ ಮುಖದಲ್ಲಿ, ಯಾರೋ ಹೆಸರು ಹಿಡಿದು ಕರೆದಂತಿತ್ತು. ಎಡಕ್ಕೆ, ಕಾರ್ಕಳದ ದಿಕ್ಕಿಗೆ, ಒಮ್ಮೆ ಕಣ್ಣು ಹಾಯಿಸಿದರು. ಮೋಡವಲ್ಲದೆ ಬೇರೇನೂ ಇರಲಿಲ್ಲ.

"ಎಲ್ಲಿ?" ಎಂದರು.

"ಕಾಪುವಿನ ಹೊಯ್ಗೆ ಸರ್. ದೀಪಸ್ತಂಭದ ಈಚೆ. ಮೇಲಿನ ಒಣ ಹೊಯ್ಗೆ ಬೇಡ, ಕಾಲು ಹೂತುಹೋಗ್ತದೆ, ದೋಣಿಗಳೂ ಉಂಟು. ನೀರು ಇಳಿದ ಒದ್ದೆ ಅಂಚು ಗಟ್ಟಿ. ಅಲ್ಲಿ ನಾವು ಚೆಂಡು ಆಡ್ತಿದ್ದದ್ದು."

"ಸ್ತಂಭದ ಬುಡದಲ್ಲಿ ಬಂಡೆ ಉಂಟಲ್ವಾ?"

"ಉಂಟು. ಅದರ ಮೊದಲು ನಿಲ್ಲಬೇಕು."

"ಚಕ್ರ ಬೇಡ, ಹೊಟ್ಟೆಯ ಮೇಲೆ ಇಳಿಸುವ," ಎಂದರು ಕ್ಯಾಪ್ಟನ್. ಇಂಟರ್‌ಕಾಮಿನಲ್ಲಿ ಕಾಕನನ್ನು ಕರೆದರು. "ಹಿಂದೆ ಇನ್ನೆಷ್ಟು ಉಂಟು?"

"ಒಂದೇ. ಆ ಪೆಟ್ಟಿಗೆ."

"ದೂಡಿ ಬನ್ನಿ."

"ಇದನ್ನು ಹಾಗೇ ದೂಡ್ಲಿಕ್ಕೆ ಆಗುವುದಿಲ್ಲ ಕ್ಯಾಪ್ಟನ್. ಮನುಷ್ಯರು ಇದ್ದದ್ದು. ಅವರ ಹೆಸರಿಗೆ ಎರಡು ಮಾತು ಓದಿ ಬಿಡ್ತೇನೆ."

"ಬೇಗ," ಎಂದರು ಕ್ಯಾಪ್ಟನ್.

ಮಲ್ಪೆಯ ದೋಣಿಗಳು ಆಗಲೇ ಹಿಂದೆ ಉಳಿದಿದ್ದವು, ಮಟ್ಟುವಿನ ಹೊಲಗಳು ಬಂದವು. ಬದನೆಯ ಸಾಲುಗಳು ಕಾಣುವಷ್ಟು ಕೆಳಗಿದ್ದೆವು. ಹೊಯ್ಗೆಯ ಅಂಚು ಎದುರಿಗೆ ಬಂತು. ಕ್ಯಾಪ್ಟನ್ ಇಳಿಯುವ ಮೊದಲಿನ ಸಾಲುಗಳನ್ನು ಹೇಳತೊಡಗಿದರು. ಅವರ ಸ್ವರ ಎಂದಿನ ಪ್ರಾರ್ಥನೆಯ ಧಾಟಿಗೆ ಮರಳಿತ್ತು. ಅದನ್ನು ಕೇಳಿ ನನಗೆ ಧೈರ್ಯ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. "ಪಟ್ಟಿ." ಬಿಗಿದೆ. "ಮೇಲಿನ ಕಿಂಡಿ." ತೆರೆದೆ. "ಚಕ್ರ." ಮೇಲೆ. "ರೇಡಿಯೋ ಆಫೀಸರ್, ಜಾಗದಲ್ಲಿ?"

ಕಿವಿಯಲ್ಲಿ ಕಾಕನ ಸ್ವರ, ಒಂದು ಕ್ಷಣವೂ ತಡವಿಲ್ಲದೆ: "ಕೂತೆ."

"ಪೆಟ್ರೋಲ್." ಬಂದ್. "ಸ್ವಿಚ್ಚು." ಆಫ್.

ಎಂಜಿನ್ನಿನ ಸದ್ದು ನಿಂತ ಮೇಲೆ ಗಾಳಿಯ ಸದ್ದು ಮಾತ್ರ ಉಳಿಯಿತು. ಹೊಯ್ಗೆ ನಾನು ನೆನೆಸಿದ್ದಕ್ಕಿಂತ ಗಟ್ಟಿ ಇತ್ತು. ಒಮ್ಮೆ ಬಡಿದು ಮೇಲಕ್ಕೆದ್ದೆವು, ಮತ್ತೆ ಬಡಿದೆವು, ಎಡ ಪ್ರೊಪೆಲ್ಲರಿನ ಅಲಗು ಹೊಯ್ಗೆಗೆ ಕಚ್ಚಿ ವಿಮಾನ ಅರ್ಧ ಸುತ್ತು ತಿರುಗಿ ನೀರಿನ ಕಡೆಗೆ ಜಾರಿ ನಿಂತಿತು. ಬಂಡೆಗಳು ಇನ್ನೂ ಒಂದು ಗದ್ದೆಯಷ್ಟು ಆಚೆಗಿದ್ದವು. ಬೆಂಕಿ ಹಿಡಿಯಲಿಲ್ಲ. ನನ್ನ ಹಲ್ಲು ತುಟಿಯನ್ನು ಕಚ್ಚಿಹಾಕಿತ್ತು. ಕ್ಯಾಪ್ಟನ್ ಸೊಂಟ ಹಿಡಿದುಕೊಂಡು, "ಇಳಿದೆವು. ಕಾಕ, ಇಳಿದೆವು," 
ಎಂದರು. ಅವರು ಕಾಕ ಎಂದದ್ದು ಅದೇ ಮೊದಲು.

ನಾನು ತಿರುಗಿ ನೋಡಿದೆ. ಬೆನ್ನ ಹಿಂದಿನ ಕುರ್ಚಿಯಲ್ಲಿ ಸ್ಪ್ರಿಂಗು ಮಾತ್ರ ಇತ್ತು.

ಕಾಕ ವಿಮಾನದ ನಡುವಿನಲ್ಲಿದ್ದರು. ಬಾಗಿಲ ಹತ್ತಿರ ನಿಂತಿದ್ದವರನ್ನು ವಿಮಾನ ತಿರುಗಿದ ರಭಸ ಮುಂದಕ್ಕೆ ಎತ್ತಿ ಒಗೆದಿತ್ತು. ಇಂಟರ್‌ಕಾಮಿನ ವಯರು ಕುತ್ತಿಗೆಯಲ್ಲೇ ಇತ್ತು. ಪೆಟ್ಟಿಗೆ ಒಡೆದು, ಅದರಲ್ಲಿದ್ದದ್ದು ಅರ್ಧ ಒಳಗೆ, ಅರ್ಧ ಬಾಗಿಲಿನಿಂದ ಹೊರಗೆ ಹೊಯ್ಗೆಯ ಮೇಲೆ ಚೆಲ್ಲಿತ್ತು. ನಾನು ಕಾಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮಾತಾಡಿಸಿದೆ. ಯಾರ ಸ್ವರದಲ್ಲಿ ಮಾತಾಡಿಸಿದೆನೋ ತಿಳಿಯದು. ಅವರು ಉತ್ತರ ಕೊಡಲಿಲ್ಲ.

ಮೊದಲು ಬಂದವರು ದೋಣಿಯವರು. ಕ್ಯಾಪ್ಟನರನ್ನು ಹಲಗೆಯ ಮೇಲೆ ಮಲಗಿಸಿ ಎತ್ತಿ ಇಳಿಸಿದವರು ಅವರು. ಹೊಯ್ಗೆಯ ಮೇಲಿನ ಎಲುಬುಗಳನ್ನು ಕಂಡು ಅವರು ಬೆಚ್ಚಿದರು. ಇಷ್ಟು ಬೇಗ ಇಷ್ಟು ಒಣಗುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಆಕಾಶದಲ್ಲಿ ಏನೇನು ಆಗುತ್ತದೋ ಎಂದುಕೊಂಡರೋ ಏನೋ. ಹೆಂಗಸರು ಒಳಗಿನವನ್ನೂ ಹೊರಗಿನವನ್ನೂ ಒಂದೊಂದನ್ನೇ ಆಯ್ದು, ಸಾಲಾಗಿಟ್ಟು, ಒಂದು ಹಾಯಿಬಟ್ಟೆ ಮುಚ್ಚಿದರು. ಕಾಕನನ್ನೂ ಆ ಸಾಲಿನ ಪಕ್ಕದಲ್ಲೇ ಮಲಗಿಸಿದರು. ಆಮೇಲೆ ಬಂದ ಪೊಲೀಸು ಜಮಾದಾರರು ಬಟ್ಟೆ ಎತ್ತಿ ತಲೆಬುರುಡೆಗಳನ್ನು ಎಣಿಸಿದರು.

"ಸತ್ತವರು ಐದು," ಎಂದು ಹೇಳಿ ಬರೆಯಲು ಹೊರಟರು.

"ಒಬ್ಬರು," ಎಂದೆ. "ಆ ನಾಲ್ಕು ಜನ ಮೊದಲೇ ಸತ್ತವರು."

"ಮೊದಲೇ ಅಂದರೆ? ಇಳಿಯುವ ಮೊದಲಾ?"

"ಹತ್ತುವ ಮೊದಲು."

ಅವರು ನನ್ನ ತುಟಿಯ ರಕ್ತ ನೋಡಿ, ತಲೆಗೆ ಪೆಟ್ಟಾಗಿದೆ ಎಂದು ದೋಣಿಯವರಿಗೆ ಕಣ್ಣು ಮಾಡಿದರು. ನಾನು ನಕ್ಕೆ. ನಿಲ್ಲಿಸಲಿಕ್ಕೆ ಆಗಲಿಲ್ಲ. ಒಬ್ಬ ಮುದುಕಿ ಬಂದು ನನ್ನ ಬಾಯಿಯನ್ನು ಸೆರಗಿನಿಂದ ಒತ್ತಿ ಹಿಡಿದು, "ಸಾಕು ಮಗಾ, ಸಾಕು," ಎನ್ನುವ ತನಕ ನಗುತ್ತಿದ್ದೆ.

ಕ್ಯಾಪ್ಟನ್ ಉಡುಪಿಯ ಆಸ್ಪತ್ರೆಯಲ್ಲಿ ಮಳೆಗಾಲ ಪೂರ್ತಿ ಅಂಗಾತ ಮಲಗಿದ್ದರು, ಸೊಂಟದ ಎಲುಬು ಮುರಿದು ಕುತ್ತಿಗೆಗೂ ಪೆಟ್ಟಾಗಿತ್ತು. ನಾನು ಹೋದಾಗೆಲ್ಲ ಮಾಡಿನ ಹಂಚು ನೋಡುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಅವರು ಕೂತೆ ಅಂದರಲ್ವಾ?"

"ಅಂದರು ಸರ್."

"ನಾನು ಕೇಳಿದ್ದೆ. ಉತ್ತರ ಬಂದಿತ್ತು."

"ಬಂದಿತ್ತು ಸರ್."

"ತಿರುಗಿ ನೋಡಬಹುದಿತ್ತು," ಎಂದು ಒಮ್ಮೆ ಹೇಳಿದರು. "ಕುತ್ತಿಗೆ ತಿರುಗಿಸುವುದಷ್ಟೆ." ಆಗ ಅವರ ಕುತ್ತಿಗೆಗೆ ಎರಡೂ ಕಡೆ ಮರಳಿನ ಚೀಲ ಇಟ್ಟಿದ್ದರು.

ವಿಚಾರಣೆಗೆ ಬಂದ ಅಧಿಕಾರಿಗಳು ಸಭ್ಯರು. ಗುಂಡಿಯ ಸಾಲು ಕಾರ್ಡಿನಲ್ಲಿ ಇಲ್ಲದ್ದನ್ನು ಅವರು ಗುರುತಿಸಿದರು. ಮುಂದೆ ಅದನ್ನು ಸೇರಿಸಿ ಎರಡು ಮಗ್ಗುಲಿನ ಕಾರ್ಡು ಬಂತು. ರೇಡಿಯೋ ಆಫೀಸರ ಬಗ್ಗೆ ಕೇಳಿದ್ದು ಒಂದೇ ಮಾತು: ಜಾಗದಲ್ಲಿದ್ದೀರಾ ಎಂದು ಕೇಳಲಾಗಿತ್ತೇ, ಉತ್ತರ ಬಂದಿತ್ತೇ? ಎರಡಕ್ಕೂ ಹೌದು ಎಂದೆ. ಆ ಸಾಲನ್ನು ಸರಿಯಾಗಿ ಪಾಲಿಸಲಾಗಿದೆ ಎಂದು ಬರೆದುಕೊಂಡರು. ಎಲುಬುಗಳನ್ನು ಗೋಣಿಯಲ್ಲಿ ಕಟ್ಟಿ ಮಣಿಪಾಲಕ್ಕೆ ಕಳಿಸಿದ್ದಾಯಿತು.

ಹೆಜಮಾಡಿಗೆ ಹೋಗಲು ನನಗೆ ಧೈರ್ಯ ಬಂದದ್ದು ಮಳೆ ಬಿಟ್ಟ ಮೇಲೆ. ಕಾಕನ ಅಣ್ಣ ರಸ್ತೆಬದಿಯಲ್ಲಿ ಬೆಲ್ಲ, ಹೊಗೆಸೊಪ್ಪು, ಬಲೆಯ ನೂಲು ಮಾರುವ ಅಂಗಡಿ ಇಟ್ಟಿದ್ದರು. ಯಾರೆಂದು ಹೇಳಿದ ಮೇಲೆ ಅವರು ಬೆಂಚಿನ ಮೇಲಿದ್ದ ನೂಲಿನ ಉಂಡೆಗಳನ್ನು ಸರಿಸಿ ಜಾಗ ಮಾಡಿಕೊಟ್ಟರು, ಚಾ ತರಿಸಿದರು.

"ಎಲ್ಲರನ್ನೂ ಅಣಕಿಸುವ ಹುಡುಗ ಅಂದರೆ ನೀನೇ ಅಲ್ವಾ?" ಎಂದರು. "ಮನೆಗೆ ಬಂದಾಗ ಅದೇ ಸುದ್ದಿ ಅವನದ್ದು."

"ಹೌದು."

"ಅವನನ್ನು ಅಣಕಿಸ್ತಿದ್ದಿಯಾ?"

"ಇಲ್ಲ. ಅವರಲ್ಲಿ ಅಣಕಿಸ್ಲಿಕ್ಕೆ ಎಂತದೂ ಸಿಗಲಿಲ್ಲ."

ಅವರು ತಲೆಯಾಡಿಸಿದರು. "ಹೆದರಿದ್ದನಾ?"

ಇಲ್ಲ ಎಂದೆ. ಎಲ್ಲವನ್ನೂ ಹೇಳಿದೆ. ಪೆಟ್ಟಿಗೆ, ಅದರೊಳಗಿದ್ದದ್ದು, ಹಾಗೇ ದೂಡಲಿಕ್ಕೆ ಆಗುವುದಿಲ್ಲ ಎಂದದ್ದು, ಕೂತೆ ಎಂದು ಉತ್ತರ ಕೊಟ್ಟದ್ದು. ಒಬ್ಬಳು ಹೆಂಗಸು ಬೆಲ್ಲಕ್ಕೆ ಬಂದಳು. ಅವರು ಎದ್ದು, ತೂಗಿ, ಕಟ್ಟಿ ಕೊಟ್ಟು ಬಂದು ಮತ್ತೆ ಕೂತರು.

"ಸತ್ತವರಿಗೆ ಫಾತಿಹಾ ಓದ್ಲಿಕ್ಕೆ ಅಷ್ಟು ಹೊತ್ತು ಬೇಡ ಮಗಾ," ಎಂದರು. "ಈಗ ಅವಳಿಗೆ ಬೆಲ್ಲ ಕಟ್ಟಿದ್ದಲ್ಲವಾ, ಅಷ್ಟರಲ್ಲಿ ಮುಗೀತದೆ. ಓದಿ, ದೂಡಿ, ಬಂದು ಕೂತ್ಕೊಳ್ಳಬಹುದಿತ್ತು."

ಅವರು ನೂಲಿನ ಒಂದು ಉಂಡೆಯನ್ನು ಕೈಯಲ್ಲಿ ಹಿಡಿದು ಎಳೆ ಹುಡುಕುತ್ತಿದ್ದರು.

"ಎಷ್ಟು ಜನ ಇದ್ದರು ಅಂದೆ ಪೆಟ್ಟಿಗೆಯಲ್ಲಿ?"

"ನಾಲ್ಕು."

ಅವರ ಕೈ ನಿಂತಿತು.

"ಹಾಗಾದ್ರೆ ನಾಲ್ಕು ಸಲ ಓದ್ಲಿಕ್ಕೆ ನಿಂತಿದ್ದಾನೆ," ಎಂದರು. "ಎಲ್ಲರಿಗೂ ಒಟ್ಟಿಗೆ ಒಂದು ಅಂತ ಮುಗಿಸುವ ಜನ ಅಲ್ಲ ಅವನು. ನಮ್ಮ ಅಪ್ಪ, ಅಮ್ಮ, ತಂಗಿ ಮೂವರೂ ಮಸೀದಿಯ ಹತ್ತಿರ ಒಂದೇ ಕಡೆ ಮಲಗಿದ್ದಾರೆ. ಮೂವರಿಗೂ ಬೇರೆ ಬೇರೆ ನಿಂತು ಓದ್ತಿದ್ದ. ನಾನು ಗೇಟಿನ ಹತ್ತಿರ ಕಾದು ಕಾದು ಬೈತಿದ್ದೆ."

ಆಮೇಲೆ ನನ್ನ ಕಡೆ ತಿರುಗಿ, ಹೆಜಮಾಡಿಯಿಂದ ಎದ್ದು ಹೋಗುವ ಮೊದಲು ನಾನು ಉತ್ತರ ಕೊಡಲೇಬೇಕಾಗಿದ್ದ ಪ್ರಶ್ನೆಯನ್ನು ಕೇಳಿದರು.

"ನಾಲ್ಕೂ ಮುಗಿದಿತ್ತಾ?"

"ಮುಗಿದಿತ್ತು," ಎಂದೆ, ಒಂದು ಕ್ಷಣವೂ ತಡಮಾಡದೆ.